ಒಳಮನಿ

ಕೋರ್ಟಿನ ಎದುರು ನನ್ನ ಝೆರಾಕ್ಸ್ ಅಂಗಡಿ.
ದಿನಕ್ಕ ಇಪ್ಪತ್ತು ಪೆನ್‌ಡ್ರೈವ್, ಇಪ್ಪತ್ತು ಊರಿನ ಜಡ್ಡು.
ಹೋದ ತಿಂಗಳು ಯಾರದೋ ಅಫಿಡವಿಟ್ಟಿನ ಬೆನ್ನು ಹತ್ತಿ ಬಂದದ್ದು
ನನ್ನ ಫೈಲೆಲ್ಲಾ ನುಂಗಿ, ಬರೇ ಬಾಣದ ಗುರುತು ಉಳಿಸಿ ಹೋತು.

ಅದಕ್ಕ ಈ ರಾತ್ರಿ, ಶಟರ್ ಅರ್ಧ ಎಳದು,
ಕಂಪ್ಯೂಟರಿನೊಳಗ ಇನ್ನೊಂದು ಕಂಪ್ಯೂಟರ್ ಕಟ್ಟೂದು.
ಬಿಗಿ ಬಾಗಿಲದ್ದು. ಯಾರನ್ನೂ ನಂಬದ್ದು.

ಇಳಿಸಿಕೊಂಡದ್ದು ಅಸಲಿ ಹೌದೋ ಅಲ್ಲೋ, ಮೊದಲ ಅದು:
ಅರವತ್ನಾಲ್ಕು ಅಕ್ಷರ, ಒಂದೂ ತಪ್ಪಬಾರದು.
ಮಷೀನೇ ತಾಳೆ ನೋಡತೈತಂತ. ನಮಗ ಸಮಾಧಾನ ಇಲ್ಲ.
ಬನವ್ವ ಓದತಾಳ, ನಾ ಪರದಿ ಮ್ಯಾಲ ಬೆರಳಿಡತೀನಿ.
ಏಳು. ಎಫ್. ಮೂರು. ಮತ್ತ ಮೂರು. ಎ.
ಗುಳೇದಗುಡ್ಡದಾಗ ಹಾಸು ಎಣಿಸಿದ ಮನಿತನದ ಹುಡುಗಿ,
ಎಳಿ ತಪ್ಪಿದ್ರ ಖಣ ತಪ್ಪತೈತಿ ಅಂತ ಬಲ್ಲಾಕಿ.
"ನಿಲ್ರಿ ಅಕ್ಕಾ, ಅದು ಬಿ ಅಲ್ಲ, ಎಂಟು."

ಎರಡು ಜೀಬಿ ಮೆಮರಿ ಕೊಟ್ಟೆ. ಇಪ್ಪತ್ತು ಜೀಬಿ ಜಾಗ.
ಇಂಟರ್ನೆಟ್ ಕಿತ್ತೆ. ಪ್ರಿಂಟರಿಗೆ ಅಷ್ಟ ಒಂದು ಕಿಂಡಿ.
ತಾ ಇನ್ನೊಬ್ಬರ ಮನಿಯಾಗ ಐತಿ ಅಂತ ಅದಕ್ಕ ಗೊತ್ತಿಲ್ಲ,
ಕೊಟ್ಟಷ್ಟನ್ನ ಭೂಮಿ ಅಂತ ತಿಳಕೊಂಡೈತಿ.
ಎರಡು ಸಲ ಕರೆಂಟ್ ಹೋತು.
ಮೂರನೇ ಸಲಕ್ಕ ಎದ್ದು ಕೂತು, ತಪ್ಪು ವ್ಯಾಳ್ಯಾ ತೋರಿಸಿ
ನನ್ನನ್ನ ಪಾಸ್‌ವರ್ಡ್ ಕೇಳಿತು.

ಎಲ್ಲಾ ಹಸನ ಇದ್ದಾಗ ಒಂದು ಸ್ನ್ಯಾಪ್‌ಶಾಟ್ ಹಿಡದೆ,
ಏನರೆ ಆದ್ರ ಇಲ್ಲಿಗೇ ಹೊಳ್ಳಿ ಬರಾಕ.

ಮುಂಜಾನಿ ಮೊದಲ ಗಿರಾಕಿ ಹುಸೇನಬಿ,
ಮುಳುಗಡಿ ಪರಿಹಾರದ ಹದಿನೇಳನೇ ವಾಯಿದೆ.
ಸೆರಗಿನ ಗಂಟು ಬಿಚ್ಚಿ ಪೆನ್‌ಡ್ರೈವ್ ಕೊಟ್ಟಳು,
ಅದಕ್ಕೂ ಎಲಿ-ಸುಣ್ಣದ ವಾಸನಿ.
ಒಳಮನಿಯಾಗ ಹಚ್ಚಿದೆ. ಜಡ್ಡು ಇತ್ತು, ಎರಡು ಥರದ್ದು.
ಅದರ ನಡುವ ಹಳೇ ಬಾಗಲಕೋಟಿಯ ಅಕಿ ಮನಿ:
ಬಾಗಿಲ ನಂಬರು, ನಾಲ್ಕು ಅಂಕಣ,
ಸರ್ವೇದವ ಎಳದ ಗೀಟು. ಗೀಟಿನ ಮ್ಯಾಲ ಈಗ ನೀರು.

ಎರಡು ಪ್ರತಿ ತಗದೆ. ನಾಲ್ಕು ರೂಪಾಯಿ.
ಇನ್ನೂ ಬಿಸಿ ಇದ್ದ ಹಾಳಿಯ ಖಾಲಿ ಮೂಲಿಗೆ ಬೆರಳಿಟ್ಟು
"ಇಲ್ಲಿ ಹುಣಸಿಗಿಡ ಇತ್ತು" ಅಂದಳು,
"ಗ್ವಾಡಿ ಅಷ್ಟ ಎಣಿಸ್ಯಾರ, ಭಾಡ್ಯಾಗೋಳು."

ಅಕಿ ಹೋದಳು. ಇನ್ನ ಸ್ನ್ಯಾಪ್‌ಶಾಟಿಗೆ ಹೊಳ್ಳಬೇಕು.
ಜಡ್ಡು ಹೋಗತೈತಿ, ಮನಿನೂ ಹೋಗತೈತಿ,
ಯಾರೂ ಬಂದೇ ಇರಲಿಲ್ಲ ಅನ್ನೂವಂಗ ಎದ್ದು ಕೂಡತೈತಿ.
ಬನವ್ವ ಮೌಸ್ ಹಿಡಕೊಂಡು ನನ್ನ ಮಾರಿ ನೋಡಿದಳು.
"ಒತ್ತಲೇನ್ರಿ?"

ಹೊರಗ ಹುಸೇನಬಿ ಟಂಟಂನವನ ಕೂಡ
ಐದು ರೂಪಾಯಿಗೆ ಜಗಳ ತಗದಿದ್ದಳು.

"ತಡಿ" ಅಂದು
ಉದ್ರಿ ವಹಿಯ ಹಿಂದಿನ ಹಾಳಿ ಮ್ಯಾಲ ಬರಕೊಂಡೆ:
ಬಾಗಿಲ ನಂಬರು. ನಾಲ್ಕು ಅಂಕಣ.
ಹುಣಸಿಗಿಡ, ಒಂದು.

"ಹೂಂ. ಈಗ ಒತ್ತು."