ನೆರಿಗೆ

ಅಮಾನುಲ್ಲಾ ಅದನ್ನು ಆಗಲೇ ತಕ್ಕಡಿಗೆ ಹಾಕಿದ್ದ.
ಹಳೆ ಪೇಪರು, ಬಕೆಟ್ಟಿನ ಚೂರು,
ಮೇಲೆ ಕಪ್ಪಗೆ ಒಂದು ಇಟ್ಟಿಗೆಯಂಥದ್ದು.
"ಅಕ್ಕಾ, ಇದು ಪೇಪರೋ ಬಟ್ಟೆಯೋ ನೀವೇ ಹೇಳಿ,
ರೇಟು ಬೇರೆ ಬೇರೆ."

ಬಟ್ಟೆ, ಅಂದೆ. ಮುಟ್ಟಿದರೆ ಗೊತ್ತಾಗುತ್ತೆ,
ಡೆಂಕಣಿಕೋಟೆ ಬಸ್ ಸ್ಟ್ಯಾಂಡಿನ ಹಿಂದೆ
ಮೂವತ್ತೊಂದು ವರ್ಷ ರವಿಕೆ ಹೊಲಿದ ಬೆರಳು.
ದಪ್ಪ ನೂಲಿನ ಮಗ್ಗದ ಬಟ್ಟೆ,
ಹುಣಸೆಬೀಜದ ಅಂಟು, ಇದ್ದಿಲ ಪುಡಿ,
ಬಳಿದು, ಒಣಗಿಸಿ, ಮತ್ತೆ ಬಳಿದದ್ದು.
ಅಂಚನ್ನು ನಾಲಿಗೆಗೆ ತಾಗಿಸಿ ನೋಡಿದೆ. ಉಪ್ಪು.
ಅಮಾನುಲ್ಲಾ ಮುಖ ತಿರುಗಿಸಿದ.
ದುಡ್ಡು ಬೇಡ ಅಂದ. ಮಗಳ ನಿಖಾಕ್ಕೆ
ಎರಡು ಕುರ್ತಾ ಹೊಲಿದುಕೊಟ್ಟೆ.

ಈಗ ನನ್ನಲ್ಲಿ ಒಂಬತ್ತಿವೆ.
ತಳಿಯ ಶ್ಯಾನುಭೋಗರ ಅಟ್ಟದ್ದು ಒಂದು,
ರಾಗಿ, ಹುರುಳಿ, ಕಂದಾಯ, ಬಳಪದ ಬಿಳಿ ಸಾಲು.
ದನದ ಬೇನೆಗೆ ಮದ್ದು ಬರೆದದ್ದು ಇನ್ನೊಂದು,
ಸೊಪ್ಪಿನ ಹೆಸರುಗಳ ಪಕ್ಕ
ಯಾವುದೋ ಮಗು ಗೀಚಿದ ಕೋಳಿ.
ಒಂದರಲ್ಲಿ ಏನೂ ಇಲ್ಲ.
ಒರೆಸಿ, ಸೊಪ್ಪಿನ ರಸ ಹಚ್ಚಿ, ಹೊಸದು ಬರೆಯಲೆಂದು ಇಟ್ಟವರು
ಬರೆಯದೆ ಹೋಗಿದ್ದಾರೆ.
ಅದನ್ನೇ ಹೆಚ್ಚು ಸಲ ಬಿಚ್ಚುತ್ತೇನೆ.
ಬೆಳಕಿಗೆ ಓರೆ ಹಿಡಿದರೆ ಅಳಿಸಿದ ಒಂದು ಅಂಕಿ,
ಏಳೋ, ಒಂದೋ.

ಗಡಿಯಾಚೆ ಆನೇಕಲ್ಲಿನಲ್ಲಿ ಕಡತ ಅಂದರೆ
ಸಹಿ ಬೀಳದೆ ಕೂತ ಫೈಲು.
ಈಚೆ ನಮ್ಮಲ್ಲಿ, ಹಾಗಂದರೇನು ಅಂತಾರೆ.
ಎರಡೂ ಕಡೆ ಹೇಳಿ ಸೋತು
ನೆರಿಗೆ ಪುಸ್ತಕ ಅಂತೀನಿ ನಾನು.
ಸೀರೆ ಉಡುವವರಿಗೆ ಅರ್ಥವಾಗುತ್ತೆ.

ಹೇಗೆ ನೋಡುವುದು ಅಂತ ಕೇಳಿದರೆ:
ಮೊದಲು ಮುಚ್ಚಿದ್ದನ್ನೇ ನೋಡಿ, ಮಗ್ಗುಲಿನಿಂದ.
ಒದ್ದೆ ಕೈ ಬೇಡ. ಎಳೆಯಬೇಡಿ.
ಕೈ ಸಡಿಲ ಬಿಡಿ, ತಾನೇ ಬಿಚ್ಚಿಕೊಳ್ಳುತ್ತೆ.
ಬರಹ ಮಾಸುವ ಮೊದಲು ಮಡಿಕೆ ಸವೆಯುತ್ತೆ,
ಓದಿದವರ ಲೆಕ್ಕ ಇರುವುದು ಅಲ್ಲಿ.
ಹರಿದಲ್ಲಿ ತೇಪೆ ಹಾಕಿದ್ದೇನೆ, ಕಾಣುವ ಹಾಗೆಯೇ.
ಬಣ್ಣ ಹೊಂದಿಸಿ ಮೋಸ ಮಾಡುವುದು
ರವಿಕೆಗೆ ಸರಿ.

ಕಯಲ್ವಿಳಿ ಬಂದದ್ದು ಚೀಲಕ್ಕೆ ಜಿಪ್ ಹಾಕಿಸಲು.
ಚಿತ್ರಕಲೆ ಓದುವ ಹೊಸೂರಿನ ಹುಡುಗಿ.
ಚೀಲ ಖಾಲಿ ಮಾಡುವಾಗ ಹೊರಬಿತ್ತು
ಅವಳೇ ಮಾಡಿದ ಒಂದು:
ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಬಸ್ ಟಿಕೆಟ್ಟುಗಳು,
ಅಂಚಿಗಂಚು ಅಂಟಿಸಿ ಮಡಿಸಿದ್ದು.
ಒಂದೊಂದರ ಬೆನ್ನಿಗೂ
ಆ ದಿನ ಮುಂದಿನ ಸೀಟಿನಲ್ಲಿ ಕಂಡ ಜಡೆ.
ಇನ್ನೂರ ಹನ್ನೆರಡು ಜಡೆ. ಒಂದು ಬೋಳು ತಲೆ.
"ತಿರುಪತಿ," ಅಂದಳು.

ನನ್ನವನ್ನು ಇಳಿಸಿದೆ.
ಅವಳಿಗೆ ಕನ್ನಡ ಓದಲು ಬಾರದು,
ಆದರೂ ಪ್ರತಿ ಸಾಲಿನ ಮುಂದೆ ಉಸಿರು ಹಿಡಿದಳು.

ನನ್ನ ಅಂಗಡಿ ಎಂಟಡಿ.
ಅಮಾನುಲ್ಲಾನ ಕಡತ ಹದಿನಾಲ್ಕು ಮೊಳ.
ಓದಿದ್ದನ್ನು ಮಡಿಸುತ್ತಾ, ಓದದ್ದನ್ನು ಬಿಚ್ಚುತ್ತಾ
ಇಷ್ಟು ವರ್ಷ ಪೂರ್ತಿ ಓದಿದ್ದೇನೆ,
ಪೂರ್ತಿ ನೋಡಿರಲಿಲ್ಲ.
ಅವಳು ಒಂದು ತುದಿ ಹಿಡಿದು ಹೊಸಿಲು ದಾಟಿದಳು,
ಬೀದಿಗಿಳಿದು, ಪಂಕ್ಚರ್ ಅಂಗಡಿಯ ತನಕ.
ಟೀ ಅಂಗಡಿಯವನು ಗ್ಲಾಸು ಎತ್ತಿಕೊಂಡ.
ಸ್ಕೂಟರೊಂದು ನಿಂತಿತು.

ಪ್ರತಿ ಪುಟದ ಅಡಿಗೆ ಗೀಚು ಅಂದುಕೊಂಡಿದ್ದೆ.
ಅದು ಒಂದೇ ಗೆರೆ.
ನನ್ನ ಹೆಬ್ಬೆರಳಿಂದ ಅವಳ ಹೆಬ್ಬೆರಳ ತನಕ
ಬಳಪ ಎತ್ತದೆ ಎಳೆದದ್ದು,
ಕತ್ತರಿಸುವ ಮುಂಚೆ ನಾನೂ ಬಟ್ಟೆಗೆ ಎಳೆಯುತ್ತೇನಲ್ಲ, ಹಾಗೆ.
ಹನ್ನೊಂದನೆಯ ಮಡಿಕೆಯಲ್ಲಿ ಮಾತ್ರ ಒಂದು ಅದುರು.
ಯಾರೋ ಊಟಕ್ಕೆ ಕರೆದಿರಬೇಕು.

ಬಸ್ಸು ಹಾರನ್ ಹಾಕಿತು.
ಸೀರೆ ಮಡಿಸುವವರ ಹಾಗೆ
ಅವಳು ಆ ಕಡೆಯಿಂದ, ನಾನು ಈ ಕಡೆಯಿಂದ
ಮಡಿಸುತ್ತಾ ಎದುರು ನಡೆದೆವು.
ನಡುವೆ ಒಂದು ನೆರಿಗೆ ಉಲ್ಟಾ ಬಿತ್ತು.
ಮನೆಗೆ ಬಂದು ಸರಿಮಾಡಿದೆ.
ಆದರೂ ಬಿಚ್ಚುವಾಗಲೆಲ್ಲ
ಅಲ್ಲಿ ಒಂಚೂರು ತಡೆಯುತ್ತೆ.