ಒಂಟಿ ಸೀನು

ಅಂವ ಬಿದ್ದಾಗೊಮ್ಮೆ ಸಪ್ಪಳ ಮಾಡಿದಾಂವ ನಾನು.
ಪರದೆ ಮ್ಯಾಲ ಅಂವ, ಪರದೆ ಬುಡಕ ನಾನು,
ಒಂದು ಡಗ್ಗಾ, ಒಂದು ಚಿಮಣಿ ಎಣ್ಣಿ ಡಬ್ಬಿ,
ಒಡದ ತಾಳ, ಬಾಯಾಗ ಪೀಪಿ.
ವಿಜಾಪುರದ ಸಂತಿ ಬಯಲಿನ ತಂಬುವಿನ್ಯಾಗ
ನೆಲದ ಟಿಕೀಟು ಒಂದಾಣೆ, ಕುರ್ಚಿಗೆ ನಾಕಾಣೆ,
ನನಗ ರಾತ್ರಿಗೆ ಆರಾಣೆ, ಮ್ಯಾಲ ಒಂದು ಕಪ್ಪು ಚಹಾ.

ಲಾಡ್ಲೇಸಾಬ ಪಿಂಜಾರ. ಊರ ಮಂದಿಗೆ ಲಾಡ್ಲ್ಯಾ.
ಅಪ್ಪನ ಬಿಲ್ಲು ಹೆಗಲಿಗೆ ಏರಿಸಿ
ಓಣಿ ಓಣಿ ತಿರುಗಿ ಅರಳಿ ಹಿಂಜತಿದ್ದ ಹುಡುಗ.
ಝೈಂ ಝೈಂ ಅಂತ ನರ ಮಿಡಿದರ
ಬಿಳೇ ಧೂಳು ಮೂಗಿನ್ಯಾಗ ಮನಿ ಮಾಡತಿತ್ತು.
ಸೀನು ಬಂದಂಗ ಆಗೂದು, ಹೋಗೂದು,
ಕಣ್ಣು ಸಣ್ಣಾಗಿ, ತುಟಿ ಮ್ಯಾಲೇರಿ, ಮಾರಿ ಆಕಾಶಕ್ಕ,
ಗಾದಿ ತುಂಬಸಾಕ ಬಂದ ಹೆಣಮಕ್ಕಳು
ಸೆರಗು ಬಾಯಿಗೆ ಒತ್ತಿ ನಗತಿದ್ರು.
ಆ ನಗಿ ಕೇಳೇ ಅಂವ ಹೋಟಗಿ ಗಾಡಿ ಹತ್ತಿದ.

ಮುಂಬೈದಾಗ ಸಿಕ್ಕಿದ್ದು
ಸಿನೆಮಾಕ್ಕೊಂದು ಸೀನು, ಆ ಸೀನಿನ್ಯಾಗ ಒಂದು ಸೀನು.
ರಾಜಾ ಸಾಯಾಕತ್ಯಾನ, ರಾಣಿ ಅಳಾಕತ್ಯಾಳ,
ಹಿಂದ ಚಾಮರ ಬೀಸಾಂವನ ಮೂಗು ಅಲುಗತೈತಿ.
ಅಷ್ಟ. ಮಂದಿ ರಾಜನ್ನ ಮರೀತಾರ.
ನಾ ಕೋಲು ಎತ್ತಿ ಕುಂದರತಿದ್ದೆ.
ಐನೂರು ಮಂದಿ ಉಸಿರು ಹಿಡದ ಆ ಗಳಿಗ್ಯಾಗ
ಮಷೀನಿನ ಕಟಕಟ ಬಿಟ್ರ ಏನೂ ಇಲ್ಲ.
ಬಂತು... ಇಲ್ಲ... ಬಂತು... ಇಲ್ಲ...
ಢಬ್!
ಚಾಮರ ಹಾರಿತು, ಕಿರೀಟ ಉರುಳಿತು,
ಸತ್ತ ರಾಜಾ ಎದ್ದು ಕುಂತ.
ಮುಂದಿನ ಸಾಲಿನ ಮುದುಕಿಯೊಬ್ಬಾಕಿ ದಿನಾ ಕೂಗತಿದ್ಲು:
"ಒಂಟಿ ಸೀನು ಅಪಶಕುನೋ ಯಪ್ಪಾ, ಇನ್ನೊಂದು ಸೀನು!"

ಒಮ್ಮೆ ಮೊಹರಂ ಹಬ್ಬಕ್ಕ ಊರಿಗೆ ಬಂದಾಂವ
ಯಾರಿಗೂ ಹೇಳದ ನೆಲದ ಟಿಕೀಟು ತಗೊಂಡು ನೋಡ್ಯಾನ.
ಆಟ ಮುಗಿದ ಮ್ಯಾಲ ನನ್ನ ಹಂತೇಕ ಬಂದು
"ಕೂದಲೆಳಿಯಷ್ಟು ಲಗೂನ ಬಾರಸ್ತಿ" ಅಂದ.
"ನಾ ಇನ್ನಾ ಮೂಗಿನ ತುದೀಗೆ ಇರತೇನಿ,
ನಿನ್ನ ಡಗ್ಗಾ ಆಗಲೇ ಸೀನಿರತೈತಿ.
ಮೊದಲ ಕಣ್ಣಿಗೆ ಬಿಡು, ಆಮ್ಯಾಲ ಕಿವಿಗೆ."
ಮರುದಿನದಿಂದ ಕೈ ತಡದೆ.
ಐದು ವರ್ಷ ಬಾರಿಸಿದೆ.
ಒಂದು ರಾತ್ರೀನೂ ಅಂವ ಹೇಳಿದಂಗ ಬೀಳಲಿಲ್ಲ.

ಆಮ್ಯಾಲ ಪರದೆ ತಾನ ಮಾತಾಡಾಕ ಹತ್ತಿತು.
ಅಂವಗ ಹೇಳಿದರಂತ:
"ಮೈಕಿನ ಮುಂದ ಸೀನಬ್ಯಾಡೋ, ಮಷೀನು ಭಾಳ ತುಟ್ಟಿ."
ನನಗ ಮಾಲಕ ಏನೂ ಹೇಳಲಿಲ್ಲ,
ಡಗ್ಗಾ ಇಡೂ ಜಾಗಾದಾಗ ಕರೀ ಪೆಟಿಗಿ ಒಂದು ಇಟ್ಟಿದ್ದ.

ಟ್ರಂಕಿನ್ಯಾಗ ಜರಿ ಟೊಪಗಿ, ಎರಡು ಮೊಳ ಫಿಲ್ಮು,
ಹಿಡಕೊಂಡು ಬಂದ. ಮತ್ತ ಅದ ಬಿಲ್ಲು, ಅದ ಝೈಂ ಝೈಂ.
ಟೊಪಗಿ ಯಾರ ಪಾಲಾತೋ.
ಫಿಲ್ಮು ಓಣಿ ಹುಡುಗೂರು ಗ್ರಹಣ ನೋಡಾಕ ಕತ್ತರಿಸಿ ಒಯ್ದರು.
ನನ್ನ ಮಗನ ತುಂಡಿನ್ಯಾಗ ಅರ್ಧ ಮೂಗು ಇತ್ತು.
"ಅಪ್ಪಾ, ಸೂರ್ಯಾಗ ಸೀನು ಬಂದೈತಿ" ಅಂದ.

"ಗೋಳಗುಮ್ಮಟದಾಗ ಸೀನಿದರ ಏಳು ಸಲ ಕೇಳತೈತಿ,
ಬಾರೋ ಲಾಡ್ಲ್ಯಾ, ಒಮ್ಮೆ ಹತ್ತೂಣು" ಅಂದಿದ್ದೆ.
ನರ ಬಿಗಿ ಮಾಡಕೋಂತ ಅಂದ:
"ಏಳು ಸಲ ಹೇಳಿದರ ಅದ್ಯಾತರ ನಗಿನೋ."

ಮಣ್ಣ ಮಾಡಿದ್ದು ನಟ್ಟ ನಡು ಬ್ಯಾಸಗ್ಯಾಗ.
ಮೂರು ಹಿಡಿ ಹಾಕು ಅಂದ್ರು, ಹಾಕಿದೆ.
ಗರಸಿನ ಬಿಳೇ ಧೂಳು ಎದ್ದು ಸೀದಾ ನನ್ನ ಮೂಗಿಗೆ.
ಮೌಲ್ವಿಗಳು ದುವಾಕ್ಕ ಕೈ ಎತ್ತ್ಯಾರ,
ಸಾಲಿಗೆ ಸಾಲು ಸುಮ್ಮ.
ಹಲ್ಲು ಕಚ್ಚಿದೆ, ಉಸಿರು ಹಿಡದೆ,
ಮಾರಿ ತಾನ ಆಕಾಶಕ್ಕ ಏರಿತು.
ಬಂತು... ಇಲ್ಲ... ಬಂತು...
ಅಂವನ ತಮ್ಮ ನನ್ನ ನೋಡಿದ.
ಅಂವನ ತುಟಿ ಅಲುಗಿತು, ಆಮ್ಯಾಲ ಹೆಗಲು,
ಆಮ್ಯಾಲ ಅಂವನ ಬಾಜೂದಾಂವ, ಅಂವನ ಬಾಜೂದಾಂವ,
ಕಣ್ಣೀರು ಒರಸಿಕೋಂತ ಇಡೀ ಸಾಲು ನಗಾಕ ಹತ್ತಿತು.

ನಾ ಇನ್ನಾ ಸೀನೇ ಇರಲಿಲ್ಲ.