ಹದಿನಾರು ಕಾಲಿನ ಮೇಜು

ತಲೆಗೆ ಹದಿನೈದರಂತೆ ಎಂಟು ಜನ, ನೂರಿಪ್ಪತ್ತು.
ಲೆಕ್ಕ ನನ್ನದು. ಹಾಗಾಗಿ ಬೈಗುಳವೂ ನನ್ನದೇ.

ಮೇಜು ಪುಕ್ಕಟೆ.
ಡೊಂಬಿವಲಿಯ ಏಳು ಐವತ್ತೆರಡರ ಫಾಸ್ಟ್ ಲೋಕಲ್ಲು, ಹೆಂಗಸರ ಡಬ್ಬ,
ಈಚೆ ನಾಲ್ವರು, ಆಚೆ ನಾಲ್ವರು,
ನಾಲ್ಕನೆಯವಳದ್ದು ಯಾವತ್ತೂ ಅರ್ಧ ಕುಂಡಿ ಗಾಳಿಯಲ್ಲಿ.
ಮಂಡಿಗೆ ಮಂಡಿ ತಾಗಿಸಿ ಕೂತರೆ
ಮೇಲೊಂದು ಫ್ರಿಜ್ಜಿನ ಪೆಟ್ಟಿಗೆಯ ರಟ್ಟು ನಿಲ್ಲುತ್ತದೆ.
ಯಾವ ಬಡಗಿಯೂ ಮಾಡಿರಲಿಕ್ಕಿಲ್ಲ
ಹದಿನಾರು ಕಾಲಿನ ಮೇಜು.
ಅದರಲ್ಲೊಂದು, ಗುಲಾಬಿ ಸಾಲ್ಯಾನಳ ಎಡಗಾಲು,
ಸರಿಯಾಗಿ ಮಡಚುವುದಿಲ್ಲ. ಆ ಮೂಲೆ ಒಂದಿಂಚು ತಗ್ಗು.
ಕರ್ಚೀಫು ಮಡಚಿ ತಟ್ಟೆಯಡಿಗೆ ಕೊಟ್ಟೆವು.

ಹಾಸಲು ವನಿತಾ ಕಾಂಬ್ಳಿ ತಂದದ್ದು ಗಂಡನ ಪಂಚೆ.
“ಮದುವೆ ದಿನ ಉಟ್ಟಿದ್ದೇ ಕೊನೆ,
ಆಮೇಲೆ ಅವನ ಸೊಂಟ ಇದಕ್ಕೆ ಸಿಗಲಿಲ್ಲ.”
ಅಂಚಿನ ಜರಿ ಮಾತ್ರ ಇನ್ನೂ ಮದುಮಗ.

ಹೂವಿಗೆ ನಿನ್ನೆ ರಾತ್ರಿ ದಾದರಿನ ಸೇತುವೆಯಡಿ
ಮಾರುವವನು ಗೋಣಿ ಮಡಚುವ ಹೊತ್ತು ನೋಡಿ ಹೋದೆ.
ದಾರ ಕಳಚಿದ ಚೆಂಡುಹೂ, ಬುಟ್ಟಿಯ ತಳದ್ದು,
ಇಪ್ಪತ್ತಕ್ಕೆ ಒಂದು ಮಡಿಲು.
ಒದ್ದೆ ಟವೆಲಿನಲ್ಲಿ ಮಲಗಿಸಿದೆ;
ಬೆಳಿಗ್ಗೆ ನನಗಿಂತ ಮೊದಲು ಎದ್ದಿದ್ದವು.

ಒಂಟಿ ಬಳೆ ಎಲ್ಲರ ಮನೆಯಲ್ಲೂ ಇರುತ್ತದೆ
ಯಾವುದೋ ಡಬ್ಬಿಯ ತಳದಲ್ಲಿ;
ತೊಡಲು ಜೊತೆಯಿಲ್ಲ, ಎಸೆಯಲು ಮನಸ್ಸಿಲ್ಲ.
ಕಾಗದದ ಕರವಸ್ತ್ರ ಸುರುಳಿ ಸುತ್ತಿ
ಒಂದೊಂದನ್ನೂ ಒಂದೊಂದು ಬಳೆಗೆ ತೂರಿಸಿದೆವು.
ಯಾವುದು ಯಾರದೆಂದು ಯಾರೂ ಕೇಳಲಿಲ್ಲ.
ಉಷಾತಾಯಿ ಮಾತ್ರ ಹಸಿರು ಗಾಜಿನದನ್ನು
ಎರಡು ಸಲ ಮುಟ್ಟಿ, ಕೈ ಸೆರಗಿನೊಳಗಿಟ್ಟಳು.

ಮೆಹರುನ್ನಿಸಾಳ ಅತ್ತೆಗೆ ದಿನಕ್ಕೆ ಒಂಬತ್ತು ಮಾತ್ರೆ.
ಖಾಲಿ ಪಟ್ಟಿಯ ಬೆಳ್ಳಿಹಾಳೆ ಕತ್ತರಿಸಿದರೆ ನಕ್ಷತ್ರ.
“ಇದು ಬಿಪಿ, ಇದು ಶುಗರು, ಇದು ಥೈರಾಯ್ಡು”
ಎನ್ನುತ್ತ ಉದುರಿಸಿದಳು ಪಂಚೆಯ ಮೇಲೆ ಆಕಾಶ.

ಗಾಡಿಯಲ್ಲಿ ಮೇಣದಬತ್ತಿ ಹಚ್ಚುವಂತಿಲ್ಲ.
ಮೊಬೈಲಿನ ಟಾರ್ಚಿನ ಮೇಲೆ ಕಿತ್ತಳೆ ಶರಬತ್ತಿನ ಬಾಟಲಿ ಕೂರಿಸಿದೆವು.
ಹಗಲಲ್ಲಿ ಅದೊಂದು ಬಾಟಲಿ, ಅಷ್ಟೆ.
ಪಾರ್ಸಿಕ್ ಸುರಂಗ ಹೊಕ್ಕಾಗ
ಡಬ್ಬದ ಟ್ಯೂಬುಲೈಟು ಒಮ್ಮೆ ಕಣ್ಣು ಮುಚ್ಚಿತು,
ಎಂಟು ಗದ್ದಗಳ ಕೆಳಗಿಂದ ಬೆಳಕು ಬಂತು.
ನಿಂತವರ ಜಗಳ ಅರ್ಧಕ್ಕೆ ನಿಂತಿತು.
ಕಾರ್ಮಿನ್ ಕೇಕಿನ ಡಬ್ಬಿ ಬಿಚ್ಚಿದಳು:
“ನಡುವಿನದ್ದು ನಾಳೆ ನಾತಾಳಕ್ಕೆ, ಪಾದ್ರಿ ಬರುತ್ತಾರೆ. ಅಂಚು ನಿಮಗೆ.”
ಅಂಚೇ ರುಚಿ, ಸ್ವಲ್ಪ ಸೀದದ್ದು.

ಠಾಣೆ. ಗುಲಾಬಿ ಇಳಿದಳು.
ಮೂಲೆ ಕುಸಿದು ಹೂ ಉರುಳತೊಡಗಿದವು.
ಖಾಲಿ ಜಾಗಕ್ಕೆ ಯಾರೋ ಹುಡುಗಿ,
ಕಿವಿಯಲ್ಲಿ ವೈರು, ತೊಡೆಯ ಮೇಲೆ ಫೈಲು,
ಇದೆಲ್ಲ ಯಾಕೆ ಎನ್ನುವ ಗಂಟು ಹುಬ್ಬಿನಲ್ಲಿ.
ಒಂದು ನಿಮಿಷ ನೋಡಿದಳು.
ಫೈಲನ್ನು ಬೆನ್ನಿಗೆ ಒತ್ತಿಟ್ಟಳು,
ಮಂಡಿ ಎರಡನ್ನೂ ರಟ್ಟಿನಡಿ ತಂದಳು.
ಮೂಲೆ ಎದ್ದಿತು. ಕರ್ಚೀಫು ಹೆಚ್ಚಾಯಿತು.

ಘಾಟಕೋಪರಿಗೆ ಇಬ್ಬರು. ರಟ್ಟು ಒಂದು ಮಡಿಕೆ ಮಡಚಿದೆವು.
ಕುರ್ಲಾದಲ್ಲಿ ಹುಡುಗಿ ಎದ್ದಳು, ಹೆಸರು ಹೇಳಲಿಲ್ಲ,
ತೋಳಿಗೆ ಅಂಟಿದ್ದು ಥೈರಾಯ್ಡೋ ಬಿಪಿಯೋ, ಅವಳಿಗೂ ಗೊತ್ತಿಲ್ಲ.
ದಾದರಿಗೆ ಮೂವರು, ಪಂಚೆಯೂ ಅವರ ಜೊತೆ.
ಬೈಕುಲಾಕ್ಕೆ ಮೆಹರುನ್ನಿಸಾ.
ಆಮೇಲೆ ನನ್ನ ಮಡಿಲಲ್ಲಿ ಚೆಂಡುಹೂ,
ಯಾರೋ ಕರೆದು ಉಡಿ ತುಂಬಿ ಕಳಿಸಿದ ಹಾಗೆ.

ಹೂವಿಗೆ ಇಪ್ಪತ್ತು, ಕಾಗದಕ್ಕೆ ನಲವತ್ತು, ಶರಬತ್ತಿಗೆ ಐವತ್ತನಾಲ್ಕು.
ಉಳಿದದ್ದು ಆರು ರೂಪಾಯಿ. ಎಂಟು ಜನಕ್ಕೆ ಹಂಚಲು ಬರುವುದಿಲ್ಲ.
ಒಂಬತ್ತಕ್ಕೆ ಇನ್ನೂ ಕಷ್ಟ.

ಆಫೀಸಿನಲ್ಲಿ ಸಂಜೆವರೆಗೆ
ಕಾಲ ಮೇಲೆ ಕಾಲು ಹಾಕಲಿಲ್ಲ ನಾನು.
ಸಮನಾಗಿ ಇಟ್ಟುಕೊಂಡಿದ್ದೆ ಎರಡೂ ಮಂಡಿ,
ಮೇಲೆ ಇನ್ನೂ ಏನೋ ಇರುವಂತೆ.